ಶಾಹೀನ್‌ಗೊಂದು ಪೀರಿಯಡ್

ಹೋದ ವಾರ ಸೊಪ್ಪು ತರಲೆಂದು ಆರ್.ಟಿ. ನಗರದ ನಮ್ಮ ಮನೆಯ ಹಿಂದಿನ ಬೀದಿಗೆ ಹೋಗಿದ್ದೆ. ದಾರಿಯಲ್ಲೊಂದು ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿ ಇದೆ. ಆಗಷ್ಟೇ ಮಷಿನ್ನಿನಿಂದ ಇಳಿದ ಫ್ಲೆಕ್ಸೊಂದನ್ನು ಫುಟ್‌ಪಾತಿನ ಮೇಲೆ ಹರವಿದ್ದರು. ಯಾರೋ ಮಹನೀಯರು ಆಳೆತ್ತರಕ್ಕೆ ಕೈ ಮುಗಿದು ನಿಂತಿದ್ದಾರೆ, ಸುತ್ತಲೂ ಅವರ ಅಭಿಮಾನಿಗಳ ಪುಟಾಣಿ ತಲೆಗಳು. ಹೊಸ ಫ್ಲೆಕ್ಸಿನ ವಾಸನೆ ನಿಮಗೂ ಗೊತ್ತಿರಬೇಕು. ಬಣ್ಣ, ಪ್ಲಾಸ್ಟಿಕ್ಕು, ಸೀಮೆಎಣ್ಣೆ ಮೂರನ್ನೂ ಕಲಸಿಟ್ಟಂಥ ಘಾಟು. ಅದು ಮೂಗಿಗೆ ಬಡಿದದ್ದೇ ತಡ, ನನಗೆ ತಡೆಯಲಾರದಷ್ಟು ನಗು ಬಂದುಬಿಟ್ಟಿತು. ಅಂಗಡಿಯವನು ಹೊರಗೆ ಬಂದು, "ಏನಾಯ್ತು ಆಂಟಿ?" ಅಂದ. "ಏನಿಲ್ಲಪ್ಪ, ಒಂದು ಹಳೇ ಸನ್ಮಾನ ಜ್ಞಾಪಕ ಬಂತು" ಅಂದೆ. ಅವನು ಪಾಪ, ಒಂದು ಹೆಜ್ಜೆ ಹಿಂದೆ ಸರಿದ.

ಆ ಸನ್ಮಾನ ನಡೆದದ್ದು ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ, ಯಲಹಂಕದ ಕಡೆ, ಪುಟ್ಟೇನಹಳ್ಳಿ ಕೆರೆಗೆ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ. ನಾನು ಗಣಿತದ ಟೀಚರ್. ತುಮಕೂರು ಕಡೆಯಿಂದ ವರ್ಗವಾಗಿ ಜುಲೈ ತಿಂಗಳ ನಡುವೆ ಅಲ್ಲಿಗೆ ಬಂದೆ. ಕೆಳಗೆ ಪ್ರೈಮರಿ, ಮಹಡಿ ಮೇಲೆ ಹೈಸ್ಕೂಲು, ಎರಡಕ್ಕೂ ಸೇರಿ ಒಬ್ಬರೇ ಹೆಡ್‌ಮಾಸ್ಟರು. ಮಹಡಿಯಲ್ಲಿ ಗಣಿತದ ಹುದ್ದೆ ಅಲ್ಲಿಯವರೆಗೂ ಖಾಲಿ ಇದ್ದದ್ದರಿಂದ ಒಂಬತ್ತನೆಯವರಿಗೆ ಮೊದಲನೆಯ ಪಾಠವೇ ಆಗಿರಲಿಲ್ಲ. ತಲೆಯ ಮೇಲೆ ಆಗಾಗ ವಿಮಾನಗಳು ಕಿವಿ ಹರಿದುಹೋಗುವಂತೆ ಹಾರುತ್ತಿದ್ದವು. ಅಲ್ಲಿನವರು ಆ ಸದ್ದು ಬಂದಾಗ ಬಾಯಿ ಮುಚ್ಚಿ, ಅದು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮಾತು ಮುಂದುವರಿಸುತ್ತಿದ್ದರು. ನನಗೂ ವಾರದೊಳಗೆ ಅಭ್ಯಾಸವಾಯಿತು.

ಬಂದ ಎರಡನೆಯ ದಿನವೋ ಮೂರನೆಯ ದಿನವೋ, ಏಳನೇ ಕ್ಲಾಸಿನ ಸರೋಜಮ್ಮ ಟೀಚರನ್ನು ಹುಡುಕಿಕೊಂಡು ಕೆಳಗೆ ಹೋದೆ. ಕೊಠಡಿಯೊಳಗಿಂದ ಪಾಠದ ದನಿ ಕೇಳಿಸುತ್ತಿತ್ತು. "ಛೇದ ಬೇರೆ ಬೇರೆ ಇದ್ರೆ ಸುಮ್ನೆ ಕೂಡಿಬಿಡೋದಾ? ಏಯ್ ರವಿ, ಕಿಟಕಿ ಆಚೆ ಏನ್ ಸಿನಿಮಾ ಹಾಕಿದಾರಾ?" ಇಣುಕಿ ನೋಡಿದರೆ ಸರೋಜಮ್ಮ ಇಲ್ಲ! ಬೋರ್ಡಿನ ಮುಂದೆ ಎರಡು ಜಡೆಯ ಒಂದು ಹುಡುಗಿ, ಸೊಂಟಕ್ಕೆ ಕೈಕೊಟ್ಟು, ಸರೋಜಮ್ಮನ ಹಾಗೇ ಹುಬ್ಬು ಗಂಟಿಕ್ಕಿಕೊಂಡು ನಿಂತಿದೆ. ಇಡೀ ಕ್ಲಾಸು ಬಾಯಿಮುಚ್ಚಿ ಲೆಕ್ಕ ಮಾಡುತ್ತಿದೆ. ಸರೋಜಮ್ಮ ಮತದಾರರ ಪಟ್ಟಿಯ ಕೆಲಸಕ್ಕೆ ಹೋಗಿದ್ದಾರೆ ಎಂದು ಆ ಹುಡುಗಿಯೇ ಬಹಳ ಗಂಭೀರವಾಗಿ ತಿಳಿಸಿತು.

ಅದು ಶಾಹೀನ್. ನಾಲ್ಕನೇ ಕ್ಲಾಸಿನಿಂದಲೂ ಅವಳೇ ಲೀಡರ್. ಲೀಡರ್ ಎಂದರೆ ಗಲಾಟೆ ಮಾಡಿದವರ ಹೆಸರು ಬರೆಯುವುದಷ್ಟೇ ಅಲ್ಲ. ಟೀಚರ್ ಇಲ್ಲದಾಗ ಪಾಠ ಮಾಡುವುದು, ಇದ್ದಾಗ ಬೇರೆಯವರ ಹೋಂವರ್ಕ್ ತಿದ್ದುವುದು, ಹಿಂದುಳಿದವರನ್ನು ಮೂಲೆಯಲ್ಲಿ ಕೂರಿಸಿಕೊಂಡು ಮಗ್ಗಿ ಹೇಳಿಸುವುದು, ಅಂಕಗಳನ್ನು ಕೂಡಿ ಕೊಡುವುದು. ಪಕ್ಕದ ಆರನೇ ಕ್ಲಾಸಿನ ಟೀಚರ್ ರಜೆ ಹಾಕಿದರೆ ಅಲ್ಲಿಗೂ ಇವಳೇ. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಶಾಲೆಗೆ ಶಾಲೆಯೇ ಅವಳನ್ನು ಮುದ್ದು ಮಾಡುತ್ತಿತ್ತು. "ನಮ್ ಶಾಹೀನ್ ಇದ್ರೆ ಒಬ್ಬ ಟೀಚರ್ ಜಾಸ್ತಿ ಇದ್ದಂಗೆ ಕಣ್ರೀ. ಅವಳಿಗೆ ಹೇಳ್ಕೊಡೋದೇ ಬೇಡ, ಎಲ್ಲಾ ಬರುತ್ತೆ" ಎಂದು ಸರೋಜಮ್ಮ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿದರು.

ಎಲ್ಲಾ ಬರುತ್ತದೆಯೇ? ನನಗೆ ಕುತೂಹಲ. ಮಧ್ಯಾಹ್ನ ಊಟದ ನಂತರ ಅವಳನ್ನು ಕರೆದು ಕೇಳಿದೆ, "ಎರಡು ಸಂಖ್ಯೆ ಇದೆ. ಕೂಡಿದ್ರೆ ಇಪ್ಪತ್ತು, ಗುಣಿಸಿದ್ರೆ ತೊಂಬತ್ತಾರು. ಯಾವುದು ಹೇಳು?"

"ಹನ್ನೆರಡು, ಎಂಟು" ಅಂದಳು. ಕೈಯಲ್ಲಿದ್ದ ತಟ್ಟೆಯನ್ನು ಕೆಳಗೂ ಇಟ್ಟಿರಲಿಲ್ಲ.

"ಹೇಗೆ ಗೊತ್ತಾಯ್ತು?"

"ಹತ್ತು ಹತ್ತು ಆಗಿದ್ರೆ ನೂರು ಬರ್ತಿತ್ತಲ್ವಾ ಮಿಸ್? ನಾಲ್ಕು ಕಮ್ಮಿ ಇದೆ. ನಾಲ್ಕು ಅಂದ್ರೆ ಎರಡೆರಡ್ಲ. ಅದಕ್ಕೆ ಈ ಕಡೆಗೆ ಎರಡು ಹಾಕಿ ಆ ಕಡೆಯಿಂದ ಎರಡು ತೆಗೆದೆ. ಯಾವಾಗ್ಲೂ ಹಂಗೇ ಆಗುತ್ತೆ ಮಿಸ್."

ನಾನು ಒಂಬತ್ತನೆಯವರಿಗೆ ಬೋರ್ಡು ತುಂಬ ಬೀಜಗಣಿತ ಬರೆದು ಹೇಳಬೇಕಾದ್ದನ್ನು ಇವಳು ತಟ್ಟೆ ಹಿಡಿದುಕೊಂಡು ಹೇಳುತ್ತಿದ್ದಾಳೆ! "ಇದನ್ನ ಯಾರಮ್ಮ ಹೇಳ್ಕೊಟ್ಟಿದ್ದು?" ಅಂದೆ.

"ಯಾರೂ ಇಲ್ಲ ಮಿಸ್. ಬೋರ್ ಆದಾಗ ಮಾಡ್ತಿರ್ತೀನಿ."

"ಯಾವಾಗ ಬೋರ್ ಆಗುತ್ತೆ?"

"ಯಾವಾಗ್ಲೂ ಮಿಸ್" ಅಂದು ನಕ್ಕು, ತಟ್ಟೆ ತೊಳೆಯಲು ಓಡಿದಳು. ದೂರಿನ ದನಿಯೇ ಅಲ್ಲ ಅದು. ಇವತ್ತು ಗುರುವಾರ ಎಂದು ಹೇಳಿದಷ್ಟೇ ಸಲೀಸಾಗಿ ಹೇಳಿದಳು.

ಸಂಕಟವಾದರೆ ನನಗೆ ಮುಂದಿನದು ಕೋಪ. ನೇರವಾಗಿ ಹೆಡ್‌ಮಾಸ್ಟರ್ ಗಂಗಾಧರಪ್ಪನವರ ಮುಂದೆ ಹೋಗಿ ನಿಂತೆ. ನಾನು ಕೇಳಿದ್ದು ಒಂದೇ. ದಿನಕ್ಕೊಂದು ಪೀರಿಯಡ್, ಗಣಿತಕ್ಕೆ ಮಾತ್ರ, ಶಾಹೀನ್ ಮಹಡಿಗೆ ಬಂದು ಒಂಬತ್ತನೆಯವರ ಜೊತೆ ಕೂರಲಿ. ಮಿಕ್ಕ ಪಾಠವೆಲ್ಲ ಅವಳ ಕ್ಲಾಸಿನಲ್ಲೇ ಆಗಲಿ.

ಗಂಗಾಧರಪ್ಪನವರು ಒಳ್ಳೆಯವರು, ಆದರೆ ಟೈಮ್ ಟೇಬಲ್ ಎಂದರೆ ಅವರಿಗೆ ದೇವರ ಪಟ. "ಅವಳಿಗೇನ್ ಕಮ್ಮಿಯಾಗಿದೆ ಮೇಡಂ? ಪ್ರತಿ ಸಲ ಫಸ್ಟ್ ಬರ್ತಾಳೆ" ಅಂದರು.

"ಸಾರ್, ಅವಳು ಸ್ಕೂಲಿಗೆ ಕಲಿಯೋಕೆ ಬರ್ತಾಳಾ, ಕಲಿಸೋಕೆ ಬರ್ತಾಳಾ?"

"ನೀವು ಹೊಸಬ್ರು..."

"ಹೊಸಬಳಾದ್ದಕ್ಕೇ ಕಾಣಿಸ್ತಿದೆ. ಲೆಕ್ಕ ಬಾರದ ಮಕ್ಕಳಿಗೆ ವಿಶೇಷ ತರಗತಿ ಇಡ್ತೀವಿ. ಸರಿ, ಇಡ್ಲೇಬೇಕು, ನಾನೂ ಮಾಡ್ತೀನಿ. ಅದರಲ್ಲಿ ನಮಗೆ ಟ್ರೈನಿಂಗೂ ಕೊಡ್ತಾರೆ. ಬೇಗ ಕಲಿಯೋ ಮಗುಗೆ ಏನಿಟ್ಟಿದ್ದೀವಿ? ಸೀಮೆಸುಣ್ಣ ಕೈಗೆ ಕೊಟ್ಟು, ನಿನ್ನ ಕಲಿಕೆ ಮುಗೀತು, ಮಿಕ್ಕವರನ್ನ ನೋಡ್ಕೋ ಅಂದ್ವಿ. ಅವಳಿಗೂ ಕಲಿಯೋ ಹಕ್ಕಿಲ್ವಾ ಸಾರ್?"

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಸ್ಕೂಲ್ ಕಮಿಟಿ ಮುಂದೆ ಇಡೋಣ" ಅಂದರು. ನಮ್ಮಲ್ಲಿ ಬೇಡ ಎನ್ನುವುದಕ್ಕೆ ಇದಕ್ಕಿಂತ ಮರ್ಯಾದೆಯ ಮಾತಿಲ್ಲ.

ಸ್ಟಾಫ್ ರೂಮಿನಲ್ಲಿ ಸರೋಜಮ್ಮ ನನ್ನ ಮೇಲೆ ಬಿದ್ದರು. "ಏನ್ರೀ ಗಿರಿಜಾ, ಬಂದು ಹದಿನೈದು ದಿನ ಆಗಿಲ್ಲ, ನನ್ನ ಬಲಗೈಯನ್ನೇ ಕತ್ತರಿಸ್ತಾ ಇದ್ದೀರಾ? ಎರಡು ಸೆಕ್ಷನ್ ಸೇರಿಸಿ ನನ್ನ ತಲೆಗೆ ಕಟ್ಟಿದಾರೆ. ಮಂಡಿ ನೋವು ಬೇರೆ. ಮೂರು ದಿನಕ್ಕೊಂದ್ಸಲ ಮನೆ ಮನೆ ಸುತ್ತೋ ಡ್ಯೂಟಿ. ಅವಳು ಮೇಲೆ ಹೋದ್ರೆ ಆ ಹೊತ್ತು ಈ ಸೈನ್ಯಾನ ಯಾರ್ರೀ ಕಾಯೋದು?" ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ರೇಗಿತು. ದೊಡ್ಡವರ ಕಷ್ಟವನ್ನೆಲ್ಲ ತಂದು ಹನ್ನೆರಡು ವರ್ಷದ ಹುಡುಗಿಯ ತಲೆ ಮೇಲಿಡುವುದು ಯಾವ ನ್ಯಾಯ ಎಂದು ಕೇಳಿದೆ. ಎರಡು ದಿನ ಅವರು ನನಗೆ ಕಾಫಿ ಕೊಡಲಿಲ್ಲ.

ಕಮಿಟಿ ಸೇರುವ ಮುಂಚೆ ಮನೆಯವರ ಒಪ್ಪಿಗೆ ಬೇಕಲ್ಲ. ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ, ಶಾಲೆಯ ಹಿಂದಿನ ಗಲ್ಲಿಯಲ್ಲಿದ್ದ ಶಾಹೀನಳ ಮನೆಗೆ ಹೋದೆ. ಅವಳ ತಾಯಿ ಮುಮ್ತಾಜ್ ಸೀರೆಗೆ ಕುಚ್ಚು ಕಟ್ಟುತ್ತ ಕೂತಿದ್ದರು. ಅವರು ಮಗಳಿಗೆ ಉರ್ದುವಿನಲ್ಲಿ ಏನೋ ಹೇಳಿದ್ದೇ ಚಹಾ ಬಂತು, ರಸ್ಕ್ ಬಂತು. ನನ್ನ ಮಾತು ಕೇಳಿ ಮುಮ್ತಾಜ್ ಕೈಯಲ್ಲಿದ್ದ ಕುಚ್ಚಿಗೆ ಗಂಟು ಹಾಕಿ ದಾರ ಕತ್ತರಿಸಿದರು.

"ಮೇಲೆ ದೊಡ್ಡ ದೊಡ್ಡ ಹುಡುಗ್ರು ಇದಾರಲ್ಲ ಮಿಸ್" ಅಂದರು.

"ಮೊದಲನೇ ಬೆಂಚಲ್ಲಿ ಹುಡುಗೀರ ಜೊತೆ ಕೂರಿಸ್ತೀನಿ. ನನ್ನ ಕಣ್ಣ ಮುಂದೆ."

"ಅದಲ್ಲ ಮಿಸ್ ನನಗೆ ಭಯ. ಇವಳು ಮನೇಲಿ ಒಂದಕ್ಷರ ಓದಲ್ಲ. ಓದೇ ಅಂದ್ರೆ, ಎಲ್ಲಾ ಬರುತ್ತೆ ಅಮ್ಮೀ ಅಂತಾಳೆ. ಬರುತ್ತೆ, ನಿಜ. ನಾನು ಈ ಕುಚ್ಚು ಕಲಿಬೇಕಾದ್ರೆ ಎಷ್ಟು ಸಲ ಕಟ್ಟಿ ಬಿಚ್ಚಿ ಅತ್ತಿದೀನಿ. ಇವಳು ಯಾವುದಕ್ಕೂ ಕಷ್ಟಾನೇ ಪಟ್ಟಿಲ್ಲ. ನಾಳೆ ಕಾಲೇಜಿಗೆ ಹೋದಾಗ ಒಂದು ಬರ್ಲಿಲ್ಲ ಅಂದ್ರೆ ಏನ್ ಮಾಡ್ತಾಳೆ? ಅಲ್ಲೇ ಬಿಟ್ಟುಬಿಡ್ತಾಳೆ ಮಿಸ್. ನನಗೆ ನನ್ನ ಮಗಳು ಗೊತ್ತು." ಆಮೇಲೆ ನನ್ನ ಕಡೆ ನೋಡಿ, "ಕರ್ಕೊಂಡ್ ಹೋಗಿ. ಕಷ್ಟ ಇರೋದು ಏನಾದ್ರೂ ಹೇಳ್ಕೊಡಿ" ಅಂದರು.

ಅಲ್ಲಿಂದ ಬಸ್ಸು ಹತ್ತಿದವಳು ಹೆಬ್ಬಾಳದ ಫ್ಲೈಓವರ್ ಮೇಲೆ ಮಳೆಯಲ್ಲಿ ಸಿಕ್ಕಿಹಾಕಿಕೊಂಡೆ. ಮುಂದೆ ಹಿಂದೆ ಬರೀ ಕೆಂಪು ದೀಪ. ಬೇರೆ ದಿನವಾಗಿದ್ದರೆ ಊರಿಗೆ ಊರನ್ನೇ ಬಯ್ಯುತ್ತಿದ್ದೆ. ಅವತ್ತು ಕಮಿಟಿಯಲ್ಲಿ ಏನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಕೂತೆ.

ಕಮಿಟಿಯ ಅಧ್ಯಕ್ಷರು ಮುನಿರಾಜಣ್ಣ. ಹಳೇ ಊರಿನ ರೈತರ ಮನೆಯವರು. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು. ಬಿಳಿ ಪಂಚೆ, ಬಿಳಿ ಶರ್ಟು, ಎರಡು ಫೋನು. ನಾನು ಶಾಹೀನಳ ವಿಷಯವನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವರ ಕಣ್ಣಲ್ಲಿ ನೀರಾಡುತ್ತಿತ್ತು.

"ಇಂಥಾ ಮಗ ನಮ್ ಸ್ಕೂಲ್ನಾಗೆ ಐತೆ ಅಂತ ನಂಗ್ಯಾರೂ ಏಳ್ಲೇ ಇಲ್ವಲ್ಲ! ಏನ್ ಮೇಷ್ಟ್ರೇ ನೀವು!" ಎಂದು ಗಂಗಾಧರಪ್ಪನವರನ್ನು ಗದರಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಮ್ಮೋರೇ, ನೀವ್ ಯೋಚ್ನೆ ಬಿಡಿ. ಇದು ನನ್ ಜವಾಬ್ದಾರಿ. ಇಂಗೆ ಅಂಗೆ ಅಲ್ಲ, ಭರ್ಜರಿಯಾಗ್ ಮಾಡಾಣ. ಆಗಸ್ಟ್ ಹದಿನೈದಕ್ಕೇ ಮಾಡ್ಬಿಡಾಣ" ಅಂದರು.

ನನಗೆ ಆನಂದವೋ ಆನಂದ. ಪೀರಿಯಡ್ಡನ್ನು ಭರ್ಜರಿಯಾಗಿ ಮಾಡುವುದು ಹೇಗೆ ಎಂಬ ಯೋಚನೆ ನನಗೆ ಹೊಳೆಯಲೇ ಇಲ್ಲ. ಸ್ವಾತಂತ್ರ್ಯ ದಿನಾಚರಣೆಯ ನೆಪದಲ್ಲಿ ಎಲ್ಲರ ಮುಂದೆ ಘೋಷಣೆ ಮಾಡುತ್ತಾರೇನೋ ಅಂದುಕೊಂಡೆ. ಮನೆಗೆ ಹೋಗಿ ಪಾಯಸ ಮಾಡಿದೆ.

ಆಗಸ್ಟ್ ಹದಿನೈದರ ಹಿಂದಿನ ದಿನ ಬೆಳಿಗ್ಗೆ ಶಾಲೆಯ ಗೇಟಿಗೆ ಬಂದರೆ ಏನು ನೋಡುವುದು! ಗೇಟಿನ ಮೇಲೆ ಆಕಾಶಕ್ಕೂ ಭೂಮಿಗೂ ಒಂದು ಫ್ಲೆಕ್ಸು. ಆ ಘಾಟು ಬೀದಿಯ ತುದಿಗೇ ಬರುತ್ತಿತ್ತು. ಮುನಿರಾಜಣ್ಣ ಆಳೆತ್ತರಕ್ಕೆ ಕೈ ಮುಗಿದು ನಗುತ್ತಿದ್ದಾರೆ. ಅವರ ಅಣ್ಣ ತಮ್ಮಂದಿರು, ಗೆಳೆಯರ ಬಳಗ, ಎಲ್ಲರೂ ಸಾಲಾಗಿ ಇದ್ದಾರೆ. ಕೆಳಗಿನ ಮೂಲೆಯಲ್ಲಿ, ಹಪ್ಪಳದಷ್ಟು ದೊಡ್ಡದೊಂದು ವೃತ್ತದೊಳಗೆ, ಕಣ್ಣು ಪಿಳಿಪಿಳಿ ಬಿಡುತ್ತಿರುವ ಶಾಹೀನ್. "ಗಣಿತ ರತ್ನ ಕುಮಾರಿ ಶಾಹೀನ್ ಅವರಿಗೆ ಅದ್ಧೂರಿ ಸನ್ಮಾನ." ನಾನು ಪೀರಿಯಡ್ ಕೇಳಿದ್ದಕ್ಕೆ ಇವರು ಸನ್ಮಾನ ಇಟ್ಟುಕೊಂಡಿದ್ದರು.

ಜಾಣರನ್ನು ಕಂಡರೆ ನಮ್ಮ ಜನಕ್ಕೆ ಪ್ರೀತಿ ಇಲ್ಲವೆಂದು ಯಾರೂ ಹೇಳಬಾರದು. ಬೇಕಾದಷ್ಟಿದೆ. ಆದರೆ ಆ ಪ್ರೀತಿ ಶಾಲು, ಹಾರ, ಹಣ್ಣಿನ ತಟ್ಟೆಯ ಆಚೆ ಎಲ್ಲಿಗೆ ಹೋಗಬೇಕೋ ಅದಕ್ಕೇ ಗೊತ್ತಿಲ್ಲ.

ಹದಿನೈದನೆಯ ತಾರೀಕು ತುಂತುರು ಮಳೆಯಲ್ಲೇ ಬಾವುಟ ಹಾರಿತು. ಶಾಮಿಯಾನದ ಕೆಳಗೆ ಊರೇ ಸೇರಿತ್ತು. ಶಾಹೀನಳನ್ನು ದೊಡ್ಡ ಕುರ್ಚಿಯ ಮೇಲೆ ಕೂರಿಸಿದರೆ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಜರಿ ಪೇಟ ತಲೆಗಿಟ್ಟರೆ ಅದು ಕಣ್ಣು ದಾಟಿ ಮೂಗಿನ ಮೇಲೆ ಬಂದು ಕೂತಿತು. ಮದುವೆಯ ಗಂಡಿಗೆ ತಂದಂಥ ಶಾಲು ಹೊದಿಸಿದ ಮೇಲೆ ಹುಡುಗಿ ಕಾಣದೇ ಹೋಯಿತು, ಹಣ್ಣಿನ ತಟ್ಟೆ ಹಿಡಿದ ಎರಡು ಕೈ ಮಾತ್ರ ಕಾಣುತ್ತಿತ್ತು. ತಟ್ಟೆಯಿಂದ ಒಂದು ಸೇಬು ಉರುಳಿ ಗಂಗಾಧರಪ್ಪನವರ ಕಾಲ ಕೆಳಗೆ ಹೋಯಿತು. ಸರೋಜಮ್ಮ ಮುಂದಿನ ಸಾಲಿನಲ್ಲಿ ಕೂತು ಸಂತೋಷಕ್ಕೆ ಅಳುತ್ತಿದ್ದರು. ಮುನಿರಾಜಣ್ಣನ ಭಾಷಣ ಮುಗಿಯಿತು, ಅವರ ಗೆಳೆಯರದ್ದು ಮುಗಿಯಿತು, ಕೊನೆಗೆ ಗಂಗಾಧರಪ್ಪನವರು ಮೈಕಿನಲ್ಲಿ, "ನಮ್ಮ ಗಿರಿಜಾ ಮೇಡಂ ಅವರೂ ಎರಡು ಮಾತಾಡಬೇಕು" ಎಂದು ಕರೆದರು. ಯಾಕಾದರೂ ಕರೆದೆನೋ ಎಂದು ಆಮೇಲೆ ಅವರಿಗೆ ಅನ್ನಿಸಿರಬೇಕು.

"ಎಲ್ಲರಿಗೂ ನಮಸ್ಕಾರ" ಅಂದೆ. ಅಷ್ಟು ಮಾತ್ರ ಸಮಾಧಾನದಿಂದ ಹೇಳಿದೆ. "ಈ ಮಗು ನಿಮಗೆಲ್ಲ ಇಷ್ಟ, ನನಗೆ ಗೊತ್ತು. ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಈ ವರ್ಷ, ಈ ಸ್ಕೂಲಲ್ಲಿ, ಇವಳಿಗೆ ಗೊತ್ತಿಲ್ಲದ ಒಂದು ಲೆಕ್ಕಾನ ಯಾರಾದ್ರೂ ಹೇಳ್ಕೊಟ್ಟಿದ್ದೀವಾ?"

ಸರೋಜಮ್ಮ ಕಣ್ಣೊರೆಸುವುದನ್ನು ನಿಲ್ಲಿಸಿದರು.

"ಮಧ್ಯಾಹ್ನ ಊಟಕ್ಕೆ ಮಕ್ಕಳು ಸಾಲಾಗಿ ನಿಲ್ತಾರೆ. ಅದರಲ್ಲಿ ಒಂದು ಮಗು ಕೈಗೆ ಸೌಟು ಕೊಟ್ಟು, ನೀನು ಚೂಟಿಯಾಗಿದ್ದೀಯ, ಎಲ್ಲರಿಗೂ ಬಡಿಸು ಅಂತೀವಿ. ಅದು ಬಡಿಸುತ್ತೆ. ದಿನಾ ಬಡಿಸುತ್ತೆ. ಅದರ ತಟ್ಟೆಗೆ ಯಾರೂ ಹಾಕಲ್ಲ. ಕೊನೆಗೆ, ಆಹಾ, ಎಷ್ಟು ಚೆನ್ನಾಗಿ ಬಡಿಸ್ತಾಳೆ ಅಂತ ಕರ್ಕೊಂಡ್ ಬಂದು ಶಾಲು ಹೊದಿಸ್ತೀವಿ. ಅದಕ್ಕೆ ಹೊಟ್ಟೆ ಹಸಿದಿದೆ ಕಣ್ರೀ! ನಾನು ಇವಳಿಗೆ..."

ಸರಿಯಾಗಿ ಆಗಲೇ ತಲೆಯ ಮೇಲೆ ವಿಮಾನ ಬಂತು. ಬೆರಳು ಎತ್ತಿ ಹಿಡಿದವಳು ಹಾಗೇ ನಿಂತೆ. ಇಡೀ ಶಾಮಿಯಾನ ನನ್ನ ಬೆರಳನ್ನೇ ನೋಡುತ್ತ ಕಾಯಿತು. ಸದ್ದು ಕೆರೆಯ ಆಚೆಗೆ ಹೋದ ಮೇಲೆ ಅಲ್ಲಿಂದಲೇ ಮುಂದುವರಿಸಿದೆ, "...ನಾನು ಇವಳಿಗೆ ಸನ್ಮಾನ ಕೇಳಿರ್ಲಿಲ್ಲ. ದಿನಕ್ಕೊಂದು ಪೀರಿಯಡ್ ಕೇಳಿದ್ದೆ. ಮಹಡಿ ಮೇಲೆ, ಗಣಿತದ್ದು. ಅಷ್ಟೇ."

ಮುನಿರಾಜಣ್ಣ ಕುರ್ಚಿಯಿಂದ ಎದ್ದರು. ಮುಗೀತು ನನ್ನ ಕಥೆ, ಮತ್ತೆ ವರ್ಗ ಎಂದುಕೊಂಡೆ. ಅವರು ಬಂದು ಮೈಕು ಕಿತ್ತುಕೊಂಡು, ಬಗ್ಗಿ ನನ್ನ ಕಿವಿಯಲ್ಲಿ, "ಅವತ್ ನೀವ್ ಕೇಳಿದ್ದು ಇಷ್ಟೇನಾ? ನೆಟ್ಟಗ್ ಏಳ್ಬಾರ್ದಾ ಮೇಡಮ್ಮೋರೇ!" ಅಂದರು. ಆಮೇಲೆ ಜನಕ್ಕೆ, ಇದೆಲ್ಲ ಮೊದಲೇ ತಮ್ಮ ಯೋಜನೆಯಲ್ಲಿತ್ತು ಎನ್ನುವ ಠೀವಿಯಲ್ಲಿ, "ಬಂಧುಗಳೇ! ನಾಳೆಯಿಂದ್ಲೇ ನಮ್ ಶಾಹೀನು ಮಾಡಿ ಮೇಲೆ! ಮಾಡಿ ಮೇಲೆ ಅಂದ್ರೆ ಮಾಡಿ ಮೇಲೆ!" ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ಮಹಡಿಗೆ ಯಾರನ್ನು ಕಳಿಸುತ್ತಿದ್ದಾರೆ ಎಂದು ಶಾಹೀನ್ ಪೇಟದೊಳಗಿಂದ ಇಣುಕಿ ನೋಡಿದಳು. ಗಂಗಾಧರಪ್ಪನವರು ಮಾತ್ರ ಇಳಿದು ಬರುವಾಗ, "ದಸರಾ ರಜೆವರೆಗೂ ನೋಡೋಣ ಮೇಡಂ. ಹೊಂದ್ಕೊಳ್ಳಲಿಲ್ಲ ಅಂದ್ರೆ ವಾಪಸ್ ಕೆಳಗೆ. ಆಮೇಲೆ ಈ ಮಾತೇ ಬೇಡ" ಅಂದರು. ಒಪ್ಪಿಕೊಂಡೆ.

ಮೊದಲ ದಿನಗಳು ಹಬ್ಬದ ಹಾಗಿದ್ದವು. ಶಾಹೀನ್ ಮೊದಲನೇ ಬೆಂಚಿನಲ್ಲಿ ನಂದಿನಿ ಎಂಬ ಹುಡುಗಿಯ ಪಕ್ಕ ಕೂತು, ನಾನು ಪ್ರಶ್ನೆ ಮುಗಿಸುವ ಮುಂಚೆ ಉತ್ತರ ಹೇಳುತ್ತಿದ್ದಳು. ಹಿಂದಿನ ಬೆಂಚಿನ ದಾಂಡಿಗರು, "ಮಿಸ್, ಇವಳು ಬಾಯಿಗೆ ಬೀಗ ಹಾಕೊಂಡ್ರೆ ನಾವೂ ಸ್ವಲ್ಪ ಯೋಚ್ನೆ ಮಾಡ್ತೀವಿ" ಎಂದು ಗೋಗರೆದರು. ಹಾಗಿರುವಾಗ ಒಂದು ದಿನ, ತನ್ನಿಂದಲೇ ತನ್ನನ್ನು ಗುಣಿಸಿದರೆ ಎರಡು ಬರುವ ಸಂಖ್ಯೆ ಯಾವುದು ಎಂಬಲ್ಲಿಗೆ ಪಾಠ ಬಂತು. ಒಂದೂವರೆ ಹೆಚ್ಚಾಯಿತು, ಒಂದೂಕಾಲು ಕಡಿಮೆಯಾಯಿತು. "ಯಾವ ಭಿನ್ನರಾಶಿ ತಗೊಂಡ್ರೂ ಸರಿಯಾಗಿ ಎರಡು ಬರೋದೇ ಇಲ್ಲ" ಅಂದೆ.

"ಬರುತ್ತೆ ಮಿಸ್. ನೀವು ಹುಡುಕಿಲ್ಲ ಅಷ್ಟೇ" ಅಂದಳು ಶಾಹೀನ್.

ಮಾರನೆಯ ದಿನ ಹನ್ನೆರಡನೇ ಹದಿನೇಳು ಎಂದು ಹಿಡಿದುಕೊಂಡು ಬಂದಳು. ಹದಿನೇಳನ್ನು ಹದಿನೇಳರಿಂದ ಗುಣಿಸಿದರೆ ಇನ್ನೂರ ಎಂಬತ್ತೊಂಬತ್ತು, ಬರಬೇಕಾದ್ದು ಹನ್ನೆರಡು ಹನ್ನೆರಡ್ಲ ನೂರ ನಲವತ್ತನಾಲ್ಕರ ಎರಡರಷ್ಟು, ಅಂದರೆ ಇನ್ನೂರ ಎಂಬತ್ತೆಂಟು. ಒಂದೇ ಒಂದು ಹೆಚ್ಚು! ಅವಳೇ ನೋಡಿಕೊಂಡು, "ಹತ್ರ ಬಂದಿದೀನಿ" ಎಂದು ಕೂತಳು. ಅದಾದ ಮೇಲೆ ಒಂದು ಬೆಳಿಗ್ಗೆ, ನಿದ್ದೆಗೆಟ್ಟ ಕಣ್ಣಲ್ಲಿ, ಆದರೆ ಮುಖವೆಲ್ಲ ಬೆಳಕು ಮಾಡಿಕೊಂಡು ಬಂದು, ಕೇಳದೆಯೇ ಸೀಮೆಸುಣ್ಣ ಎತ್ತಿಕೊಂಡಳು. ಬೋರ್ಡಿನ ಮೇಲೆ ತೊಂಬತ್ತೊಂಬತ್ತು, ಅದರ ಕೆಳಗೆ ಎಪ್ಪತ್ತು ಎಂದು ದೊಡ್ಡದಾಗಿ ಬರೆದು, "ಸಿಕ್ತು" ಅಂದಳು.

ನಂದಿನಿ ಅಲ್ಲೇ ಕೂತು ಗುಣಿಸಿದಳು. "ಮಿಸ್, ಒಂಬತ್ತು ಸಾವಿರದ ಎಂಟುನೂರು ಬರ್ಬೇಕು. ಎಂಟುನೂರ ಒಂದು ಬರ್ತಿದೆ. ಮತ್ತೆ ಒಂದು ಜಾಸ್ತಿ."

ಹಿಂದಿನ ಬೆಂಚಿನಿಂದ ಯಾರೋ, "ಅಯ್ಯೋ ಗಣಿತ ರತ್ನಾ!" ಎಂದು ಕೂಗಿದರು. ಇಡೀ ಕ್ಲಾಸು ಘೊಳ್ಳೆಂದು ನಕ್ಕಿತು. ಅದರಲ್ಲಿ ವಿಷವೇನೂ ಇರಲಿಲ್ಲ, ಅವರು ದಿನಾ ಒಬ್ಬರಿಗೊಬ್ಬರು ನಗುವ ನಗುವೇ. ಆದರೆ ಶಾಹೀನ್‌ಗೆ ಅದು ದಿನಾ ಕೇಳಿದ ನಗುವಲ್ಲ. ಹುಟ್ಟಿದಾಗಿನಿಂದ ಬೋರ್ಡಿನ ಮೇಲೆ ತಪ್ಪು ಬರೆದವಳೇ ಅಲ್ಲ. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಕೆಳಗಿಳಿದು ಹೋದಳು.

ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಕೆಳಗೆ ಹೋಗಿ ನೋಡಿದರೆ ಸೊಂಟಕ್ಕೆ ಕೈಕೊಟ್ಟು ಪಾಠ ಮಾಡುತ್ತಿದ್ದಾಳೆ. ಜಗಲಿಗೆ ಕರೆದು, "ಯಾಕಮ್ಮ ಬರ್ತಿಲ್ಲ?" ಅಂದೆ. ತಲೆ ತಗ್ಗಿಸಿ ಹೇಳಿದಳು, "ಇಲ್ಲೇ ಚೆನ್ನಾಗಿದೆ ಮಿಸ್. ಇಲ್ಲಿ ನನಗೆ ಎಲ್ಲಾ ಬರುತ್ತೆ."

ಮುಮ್ತಾಜ್ ಹೆದರಿದ್ದು ಇದಕ್ಕೇ. ಕಾಲೇಜಿಗೆ ಹೋದ ಮೇಲೆ ಆಗುತ್ತದೆ ಎಂದಿದ್ದರು, ಇಲ್ಲೇ ಆಗಿಹೋಗಿತ್ತು. ಈಗ ಬಿಟ್ಟಳೆಂದರೆ ಜೀವಮಾನವೆಲ್ಲ ತನಗೆ ಬರುವುದನ್ನಷ್ಟೇ ಮಾಡಿಕೊಂಡು ಇದ್ದುಬಿಡುತ್ತಾಳೆ. ಗದರಿ ನೋಡಿದೆ, ಮುದ್ದು ಮಾಡಿ ನೋಡಿದೆ, ಹಿಂದಿನ ಬೆಂಚಿನವರಿಂದ ಸಾರಿ ಹೇಳಿಸಿದೆ. ಊಹುಂ. ಗಂಗಾಧರಪ್ಪನವರು, "ನೋಡಿದ್ರಾ ಮೇಡಂ, ಮಕ್ಕಳನ್ನ ಅವರ ಪಾಡಿಗೆ ಬಿಡ್ಬೇಕು" ಎಂದು ಮೆಲ್ಲಗೆ ಹೇಳಿದರು. ಕೋಪ ಕೂಡ ಬರಲಿಲ್ಲ ನನಗೆ. ಅವತ್ತು ಸಂಜೆ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತೆ.

ಮುಂದಿನ ವಾರ. ನಾನು ಒಂಬತ್ತನೆಯವರಿಗೆ ಪಾಠ ಶುರು ಮಾಡಿದ್ದೆ. ಮೆಟ್ಟಿಲಿನ ಮೇಲೆ ಯಾರೋ ಉಸ್ಸಪ್ಪಾ ಎಂದು ಉಸಿರು ಬಿಡುತ್ತ ಬರುವುದು ಕೇಳಿಸಿತು. ನೋಡಿದರೆ ಸರೋಜಮ್ಮ! ಮಂಡಿ ನೋವೆಂದು ಆ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದ ಹೆಂಗಸು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಶಾಹೀನಳ ರಟ್ಟೆ.

"ತಗೊಳ್ರೀ ನಿಮ್ಮ ಹುಡುಗೀನ" ಅಂದರು. "ಕೆಳಗೆ ಇವಳಿಗೆ ಕೆಲಸ ಇಲ್ಲ. ಮಂಜುಳನ್ನ ಲೀಡರ್ ಮಾಡಿದೀನಿ."

ಮಂಜುಳ ಎಂದರೆ ಏಳನೇ ಕ್ಲಾಸಿನ ಗಲಾಟೆಗೆಲ್ಲ ಮೂಲ. ಕೆಳಗಿನಿಂದ ಸಂತೆ ನೆರೆದಂಥ ಸದ್ದು ಬರುತ್ತಿತ್ತು, ಬೆಂಚು ಬಿದ್ದದ್ದೂ ಕೇಳಿಸಿತು. "ಕೇಳಿಸ್ತಾ? ಹಂಗೇ ಇರುತ್ತೆ ಇನ್ಮೇಲೆ. ಏನ್ ಮಾಡೋಕಾಗುತ್ತೆ, ನಾನು ನೋಡ್ಕೋತೀನಿ" ಎಂದು ಸರೋಜಮ್ಮ ನನ್ನ ಕುರ್ಚಿಯ ಮೇಲೆ ಕುಸಿದು ಕೂತರು. ಶಾಹೀನ್ ಅಳುಮೋರೆ ಮಾಡಿಕೊಂಡು, "ಮಿಸ್, ನಾನೇನ್ ತಪ್ಪು ಮಾಡ್ದೆ?" ಎಂದು ಅವರನ್ನು ಕೇಳಿದಳು.

"ಏನೂ ಮಾಡಿಲ್ಲ ಕಣೇ. ನೀನು ಕೆಳಗೆ ವಾಪಸ್ ಬಂದ ಮೇಲೆ ರಾತ್ರಿಯೆಲ್ಲಾ ಈ ಗಿರಿಜಾ ಮಿಸ್ ಭಾಷಣಾನೇ ತಲೇಲಿ. ನಾಲ್ಕನೇ ಕ್ಲಾಸಿಂದ ನನ್ನ ಕಣ್ಣ ಮುಂದೆ ಇದ್ದೀಯ. ನಾನು ನಿನಗೆ ಏನು ಹೇಳ್ಕೊಟ್ಟೆ ಅಂತ ಯೋಚನೆ ಮಾಡ್ದೆ. ಒಂದೂ ಜ್ಞಾಪಕ ಬರ್ಲಿಲ್ಲ. ಹೋಗು, ಕೂತ್ಕೋ" ಅಂದರು.

ಅವಳು ಹೋಗಿ ಕೂತಳು, ತಲೆ ಎತ್ತಲಿಲ್ಲ. ನಂದಿನಿ ಸುಮ್ಮನೆ ಸರಿದು ಜಾಗ ಮಾಡಿಕೊಟ್ಟಳು. ನಾನು ಏನೂ ಆಗದವಳ ಹಾಗೆ ಬೋರ್ಡಿನ ಕಡೆ ತಿರುಗಿದೆ. ತನ್ನಿಂದಲೇ ಗುಣಿಸಿದರೆ ಎರಡು ಬರುವ ಭಿನ್ನರಾಶಿ ಯಾಕೆ ಯಾರಿಗೂ, ಎಷ್ಟು ಹುಡುಕಿದರೂ, ಸಿಗುವುದಿಲ್ಲ ಎಂಬುದನ್ನು ಸಾಧಿಸಿ ತೋರಿಸಲು ಹೊರಟೆ. ಅಂಥದ್ದೊಂದು ಇದೆ ಎಂದೇ ಇಟ್ಟುಕೊಳ್ಳೋಣ ಎಂದು ಶುರು ಮಾಡಿ, ಮೇಲಿನದು ಸಮಸಂಖ್ಯೆಯಾಗಬೇಕು, ಹಾಗಾದರೆ ಕೆಳಗಿನದೂ ಸಮಸಂಖ್ಯೆಯಾಗಬೇಕು ಎಂದು ಒಂದೊಂದೇ ಸಾಲು ಬರೆಯುತ್ತ ಹೋದೆ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಶಾಹೀನ್ ತಲೆ ಎತ್ತಿದ್ದಾಳೆ. ಹುಬ್ಬು ಗಂಟಿಕ್ಕಿದೆ. ಆದರೆ ಇದು ಸರೋಜಮ್ಮನ ಹುಬ್ಬಲ್ಲ, ಅವಳದೇ. ನಾನು ಬರೆದು ಮುಗಿಸಿ, "ಅದಕ್ಕೇ ಸಿಗೋದಿಲ್ಲ. ಗೊತ್ತಾಯ್ತಾ?" ಅಂದೆ. ಗೊತ್ತಾದವರೂ ಆಗದವರೂ ಎಂದಿನಂತೆ ಒಟ್ಟಿಗೆ, "ಗೊತ್ತಾಯ್ತು ಮಿಸ್" ಎಂದು ರಾಗ ಎಳೆದರು.

ಶಾಹೀನ್ ಎದ್ದು ನಿಂತಳು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹಿಂದಿನ ಬೆಂಚಿನ ಕಡೆ ಒಂದು ಸಲ ನೋಡಿ, ಮತ್ತೆ ನನ್ನ ಕಡೆ ತಿರುಗಿದಳು.

"ನನಗೆ ಗೊತ್ತಾಗ್ಲಿಲ್ಲ ಮಿಸ್" ಅಂದಳು. "ಇನ್ನೊಂದ್ಸಲ ಹೇಳಿ."

ಯಾರೂ ನಗಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಸರೋಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನ ಹತ್ರ ಒಂದು ದಿನಾನೂ ಹಿಂಗ್ ಕೇಳಿರ್ಲಿಲ್ಲ ಕಣ್ರೀ" ಅಂದರು. ನಾನು ಮಕ್ಕಳಿಗೆ ಮುಖ ಕಾಣದಂತೆ ತಿರುಗಿಕೊಂಡು, ಬೋರ್ಡನ್ನೆಲ್ಲ ಒರೆಸಿ, ಮೊದಲನೇ ಸಾಲಿನಿಂದ ಮತ್ತೆ ಶುರು ಮಾಡಿದೆ.